ಗೊಂಬೆ ಮೆಟ್ಟಿಲ ಕೆಳಗಿನ ಆಲ್ಪ್ಸ್

ಮೊನ್ನೆ ಗೊಂಬೆ ಕೂರಿಸೋಣ ಅಂತ ಬೇಸ್‌ಮೆಂಟಿನಿಂದ ಡಬ್ಬಗಳನ್ನು ತಂದೆ. ನಮ್ಮ ಕಾಗದದ ಮ್ಯಾಟರ್‌ಹಾರ್ನ್ ಶಿಖರದ ಬುಡ ಬಿರುಕು ಬಿಟ್ಟಿತ್ತು. ಮೆತ್ತೋಣ ಅಂತ ಮೈದಾ ಅಂಟು ಕಾಯಿಸಿದೆ ನೋಡಿ, ಆ ವಾಸನೆಗೆ ಕೆಳಗಿನ ಮನೆ ಮೇಷ್ಟ್ರು ಪಕ್ಕದಲ್ಲೇ ಬಂದು ಕೂತ ಹಾಗಾಯಿತು…

ಮೈಸೂರಿನಲ್ಲಿ ಭೂಗೋಳ ಪಾಠ ಹೇಳಿ ರಿಟೈರ್ ಆಗಿ, ಇಲ್ಲಿ ಅಮೆರಿಕದ ಮೆಟುಚೆನ್ನಿಗೆ, ಮಗಳ ಮನೆಗೆ ಬಂದಿದ್ದರು. ಆಗ ನಾವು ಅವರ ಮೇಲಿನ ಅಪಾರ್ಟ್‌ಮೆಂಟಿನಲ್ಲಿದ್ದೆವು. ಮೊದಲ ನವರಾತ್ರಿಗೇ ನನ್ನ ಗೊಂಬೆಗಳ ಮುಂದಿನ ಪಾರ್ಕ್ ನೋಡಿ, "ಎಲ್ಲರ ಮನೇಲೂ ಪಾರ್ಕೇ. ನಾವು ಆಲ್ಪ್ಸ್ ಮಾಡೋಣಮ್ಮ" ಅಂದರು. ನನಗೋ ನಗು. ಆದರೆ ಮನುಷ್ಯ ಹಳೇ ಪೇಪರ್ ನೆನೆಸಿ, ಅಂಟು ಕಲಸಿ, ಬಾಳೆಹಣ್ಣಿನಂತೆ ಬಾಗಿದ ಸಾಲನ್ನೇ ಎಬ್ಬಿಸಿಬಿಟ್ಟರು. ಪಶ್ಚಿಮಕ್ಕೆ ಎಲ್ಲಕ್ಕಿಂತ ಎತ್ತರದ ಮೋಂ ಬ್ಲಾಂ. ನಡುವೆ ರೋನ್ ನದಿಯ ಕಣಿವೆ, ಅದರ ದಕ್ಷಿಣಕ್ಕೆ ಮ್ಯಾಟರ್‌ಹಾರ್ನ್, ಮಾಂಟೆ ರೋಸಾ, ಉತ್ತರಕ್ಕೆ ಯುಂಗ್‌ಫ್ರಾವ್, ಐಗರ್. ಹಿಮಕ್ಕೆ ರಂಗೋಲಿ ಪುಡಿ, ಹುಲ್ಲುಗಾವಲಿಗೆ ರಾಗಿ ಪೈರು. ಸಂಜೆ ದೀಪ ಹಚ್ಚಿದರೆ ಶಿಖರಗಳ ನೆರಳು ಗೋಡೆ ತುಂಬ ಬೆಳೆಯುತ್ತಿತ್ತು. ಮೇಷ್ಟ್ರು ಅಲ್ಲೇ ನಡೆದು ಹೋಗುತ್ತಿರುವವರಂತೆ ಮೆಲ್ಲಗೆ, "ಇಲ್ಲಿ ಬಲಕ್ಕೆ ತಿರುಗಿದ್ರೆ ಹಿಮನದಿ…" ಅನ್ನುತ್ತಿದ್ದರು. ಅರಿಸಿನ ಕುಂಕುಮಕ್ಕೆ ಬಂದವರು ಗೊಂಬೆಗಳನ್ನೇ ಮರೆಯುತ್ತಿದ್ದರು.

ಇಷ್ಟೆಲ್ಲ ಬಲ್ಲವರು ಆಲ್ಪ್ಸ್ ಕಂಡಿರಲೇ ಇಲ್ಲ. "ಮ್ಯಾಟರ್‌ಹಾರ್ನ್ ಒಂದನ್ನ ಕಣ್ಣಾರೆ ನೋಡ್ಬಿಟ್ರೆ ಸಾಕು" ಅನ್ನುತ್ತಿದ್ದರು. ಮೂರನೇ ವರ್ಷ ಮಗಳು ಕರೆದುಕೊಂಡು ಹೋಗಲು ಸಿದ್ಧಳಾದಳು. ಅವಳಿಗೆ ರಜೆ ಸಿಕ್ಕಿದ್ದು ನವರಾತ್ರಿಯಲ್ಲೇ. ನಾನು ಮುಖ ಸಪ್ಪೆ ಮಾಡಿಕೊಂಡು, "ನೀವಿಲ್ದೆ ಆಲ್ಪ್ಸ್ ಯಾರು ಮಾಡ್ತಾರೆ ಮೇಷ್ಟ್ರೇ? ಮುಂದಿನ ವರ್ಷ ಹೋಗಿ" ಅಂದೆ.

"ಆಯ್ತಮ್ಮ" ಅಂದರು ಮೇಷ್ಟ್ರು. ತಮ್ಮ ಕಣ್ಣಿನ ನರ ಸೋಲುತ್ತಿದೆ ಅಂತ ನನಗೆ ಹೇಳಲೇ ಇಲ್ಲ.

ಮುಂದಿನ ನವರಾತ್ರಿಗೆ ಮಗಳ ಕೈ ಹಿಡಿದು ಮೆಟ್ಟಿಲು ಹತ್ತಿ ಬಂದರು. ಬರೀ ಬೆಳಕು ಕಾಣುತ್ತಿತ್ತು, ಅಷ್ಟೇ. ನಾನು ಜೋಡಿಸಿಟ್ಟಿದ್ದ ಶಿಖರಗಳನ್ನು ಒಂದೊಂದಾಗಿ ಸವರಿ, "ಮ್ಯಾಟರ್‌ಹಾರ್ನ್ ಒಂದು ಬೆರಳು ಎಡಕ್ಕೆ" ಅಂದರು. ತಾವೇ ಅದನ್ನು ಸರಿಸಿ, ಬುಡಕ್ಕೆ ಹಸಿ ಕಾಗದ ಮೆತ್ತಿ, ಹೆಬ್ಬೆರಳಿನಿಂದ ಒತ್ತಿದರು. ಆ ಚಳಿಗಾಲ ಅವರು ದಾಟಲಿಲ್ಲ.

ಮೊನ್ನೆ ನೋಡಿದರೆ ಬಿರುಕು ಬಿಟ್ಟಿದ್ದು ಆ ಹೆಬ್ಬೆರಳ ಗುರುತಿನ ಮೇಲೇ. ಅಂಟು ಹಚ್ಚಲು ಮನಸ್ಸು ಬರಲಿಲ್ಲ. ಹಾಗೇ ಎತ್ತಿ ಇಟ್ಟೆ, ಒಂದು ಬೆರಳು ಎಡಕ್ಕೆ.

ಮೇಷ್ಟ್ರ ಕಥೆ ಕೇಳುತ್ತಾ ಕಣಿವೆಗೆ ರಾಗಿ ಚೆಲ್ಲುತ್ತಿದ್ದ ನನ್ನ ಮಗಳು ಕೇಳಿದಳು, "ಡಿಡ್ ಹಿ ಎವರ್ ಸೀ ಇಟ್?"

"ಇಲ್ಲ ಪುಟ್ಟಿ. ಹೊರಟಿದ್ರು. ನಾನೇ ತಡೆದೆ."

ಇಷ್ಟು ವರ್ಷಗಳಲ್ಲಿ ಅದನ್ನು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು.