ನಾಲ್ಕೂವರೆಯ ಏರ್‌ಪೋರ್ಟ್ ರೈಲು

ಎರಡು ತಿಂಗಳ ಹಿಂದೆ ನನ್ನ ಕಣ್ಣೆದುರೇ ಪುಣೆ ವಿಮಾನದ ಕೌಂಟರ್ ಮುಚ್ಚಿತು.

ತಡವಾದದ್ದು ಏಳೇ ನಿಮಿಷ. ಶಂಕರಪುರದ ಮನೆ ಬಿಟ್ಟು ಎರಡೂಮುಕ್ಕಾಲು ಗಂಟೆಯಾಗಿತ್ತು. ಅದರಲ್ಲಿ ಅರ್ಧ ಹೊತ್ತು ಹೆಬ್ಬಾಳದ ಫ್ಲೈಓವರ್ ನೋಡುತ್ತಾ ಕೂತಿದ್ದೆ. (ಮೇಲಿನಿಂದ ಅಲ್ಲ, ಕೆಳಗಿನಿಂದ.)

ಪುಣೆಯ ಆಸ್ಪತ್ರೆಯಲ್ಲಿ ಅವತ್ತು ಮಧ್ಯಾಹ್ನ ನನ್ನ ಅಕ್ಕನಿಗೆ ಹೃದಯದ ಆಪರೇಷನ್. ಒಳಗೆ ಹೋಗುವ ಮುಂಚೆ ನಿನ್ನ ಮುಖ ನೋಡಬೇಕು ಅಂದಿದ್ದಳು. ಅಮ್ಮ ಹೋದ ಮೇಲೆ ನನ್ನನ್ನು ಬೆಳೆಸಿದವಳು ಅವಳು. ಖಂಡಿತ ಬರ್ತೀನಿ ಅಂದಿದ್ದೆ.

ಅಲ್ಲೇ ಕುರ್ಚಿಯಲ್ಲಿ ಕುಸಿದೆ. ವೀಲ್‌ಚೇರ್ ತಳ್ಳುವ ಕೆಲಸದ ಹೆಂಗಸೊಬ್ಬರು ನೀರು ತಂದುಕೊಟ್ಟರು. ಮುಂದಿನ ವಿಮಾನಕ್ಕೆ ಯಾರನ್ನು ಕೇಳಬೇಕು ಅಂತ ತೋರಿಸಿದರು. ಹೆಸರು ಸುಮಿತ್ರಾ, ಮನೆ ಅಕ್ಕಿಪೇಟೆ.

ಸೀಟು ಸಿಕ್ಕಿತು. ಆದರೆ ನಾನು ತಲುಪುವಷ್ಟರಲ್ಲಿ ಅಕ್ಕನನ್ನು ಒಳಗೆ ಕರೆದೊಯ್ದಾಗಿತ್ತು. ಹೊರಗೆ ಭಾವ ಒಬ್ಬರೇ ನಿಂತಿದ್ದರು. ಹೋಗುವಾಗ ಎರಡು ಸಲ ಲಿಫ್ಟ್ ಕಡೆ ತಿರುಗಿ ನೋಡಿದಳಂತೆ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತೇ ನಾನೊಂದು ಮನವಿ ಬರೆದೆ. (ಕಾಯುವವನ ಕೈಗೆ ಏನಾದರೂ ಕೆಲಸ ಬೇಕಲ್ಲ?) ಸಿಟಿ ರೈಲ್ವೆ ನಿಲ್ದಾಣದಿಂದ ಏರ್‌ಪೋರ್ಟ್ ಬಾಗಿಲಿಗೇ ಒಂದು ರೈಲು. ಯಲಹಂಕ ದಾಟಿ ದೇವನಹಳ್ಳಿ ಕಡೆಗೆ ಹಳಿ ಈಗಲೇ ಇದೆ. ಅಲ್ಲಿಂದ ಟರ್ಮಿನಲ್‌ವರೆಗೆ ಒಂದು ತುಂಡು ಹೊಸ ಹಳಿ ಹಾಕಿದರಾಯಿತು. ಬೆಳಿಗ್ಗೆ ಏಳರಿಂದ ಗಂಟೆಗೊಂದು ಗಾಡಿ, ಎ.ಸಿ. ಬೋಗಿ, ಸೂಟ್‌ಕೇಸ್ ಇಡಲು ಜಾಗ. ಮೆಟ್ರೋ ಬರುತ್ತಲ್ಲ ಅಂತೀರಾ? ಬರಲಿ. ಬಸವನಗುಡಿ, ಚಾಮರಾಜಪೇಟೆಯವರಿಗೆ ಹತ್ತಿರದ್ದೂ ಒಂದಿರಲಿ.

ಸಂಜೆ ಅಕ್ಕ ಕಣ್ಣು ಬಿಟ್ಟಳು. ನಾಲ್ಕನೇ ದಿನ ನನ್ನನ್ನು ಬೈಯುವಷ್ಟು ಚೇತರಿಸಿಕೊಂಡಳು. ಪೂರ್ತಿ ಬೈಸಿಕೊಂಡು ಹೊರಟೆ.

ಬೆಂಗಳೂರಿನಲ್ಲಿ ಇಳಿದು ಮೆಜೆಸ್ಟಿಕ್ ಬಸ್ ಹತ್ತಿದರೆ ಪಕ್ಕದ ಸೀಟಿನಲ್ಲಿ ಸುಮಿತ್ರಾ. ಶಿಫ್ಟ್ ಮುಗಿಸಿ ಮನೆಗೆ ಹೊರಟಿದ್ದರು. ಅಕ್ಕನ ಆರೋಗ್ಯ ವಿಚಾರಿಸಿದರು. ನಾನು ಹೆಮ್ಮೆಯಿಂದ ಮನವಿ ಓದಿ ಹೇಳಿದೆ.

"ನೀವು ವರ್ಷಕ್ಕೆ ಎಷ್ಟು ಸಲ ಫ್ಲೈಟ್ ಹತ್ತೀರಾ ಸಾರ್?"

ಎರಡು ಸಲ ಅಂದೆ.

"ನಾನು ವಾರಕ್ಕೆ ಆರು ದಿನ ಹೋಗ್ತೀನಿ. ಶಿಫ್ಟು ಆರು ಗಂಟೆಗೆ. ನಿಮ್ ರೈಲು ಏಳಕ್ಕೆ ಹೊರಟ್ರೆ ನಂಗೇನ್ ಬಂತು?"

ಕೊಂಕು ಇರಲಿಲ್ಲ ಆ ಮಾತಿನಲ್ಲಿ. ಲೆಕ್ಕ ತಪ್ಪಿದ ಹುಡುಗನಿಗೆ ಟೀಚರ್ ಹೇಳಿದ ಹಾಗಿತ್ತು. ಮೂರೂವರೆಗೆ ಏಳುತ್ತಾರಂತೆ. ನೆಲ ಒರೆಸುವವರು, ಕಾಫಿ ಮಾಡುವವರು, ಲಗೇಜ್ ಎತ್ತುವವರು, ಎಲ್ಲರದ್ದೂ ಅದೇ ಪಾಡಂತೆ. ಪೆನ್ನು ಹಿಡಿದು ಇಷ್ಟೆಲ್ಲ ಯೋಚಿಸಿದ ನನಗೆ ಇವರ್ಯಾರೂ ಯಾಕೆ ನೆನಪಾಗಲಿಲ್ಲ?

ಬಸ್ಸಿನಲ್ಲೇ ಹೊಡೆದುಹಾಕಿ ತಿದ್ದಿದೆ. ಮೊದಲ ರೈಲು ನಾಲ್ಕೂವರೆಗೆ. ಮಂತ್ಲಿ ಪಾಸ್. ನಿಂತು ಹೋಗಲು ಜಾಗವಿರುವ ಸಾದಾ ಬೋಗಿ. ಸುಮಿತ್ರಾ ಒಂದೊಂದಕ್ಕೂ ತಲೆಯಾಡಿಸಿದರು.

ಸಹಿ ಸಂಗ್ರಹ ಇಬ್ಬರೂ ಹಂಚಿಕೊಂಡೆವು. ನನ್ನ ಬೀದಿಯ ಸಹಿ ಎರಡು ಹಾಳೆ. ಅವರದ್ದು ಒಂದು ಕಟ್ಟು.

ಕಳೆದ ವಾರ ಇಬ್ಬರೂ ರೈಲ್ವೆ ಅಧಿಕಾರಿಯೊಬ್ಬರ ಮುಂದೆ ಕೂತೆವು. ಮನವಿ ಓದಿದ ಅವರು, ವಿಮಾನ ಹತ್ತುವವರು ಹೇಗೂ ಕಾರಿನಲ್ಲೇ ಹೋಗುತ್ತಾರೆ, ರೈಲು ಖಾಲಿ ಓಡುತ್ತದೆ ಅಂದರು. ಸುಮಿತ್ರಾ ತಮ್ಮ ಕಟ್ಟನ್ನು ಮುಂದೆ ಸರಿಸಿದರು.

"ಇವರೆಲ್ಲ ದಿನಾ ಹೋಗೋರು ಸಾರ್. ಮಳೆ ಬಂದ್ರೂ ಹೋಗ್ತಾರೆ, ಹಬ್ಬದ ದಿನಾನೂ ಹೋಗ್ತಾರೆ."

ಅಧಿಕಾರಿ ಹಾಳೆ ಮಗುಚುತ್ತಾ ಹೋದರು. ಆಮೇಲೆ ಗುಮಾಸ್ತರನ್ನು ಕರೆದು ಫೈಲ್ ತೆರೆಯಲು ಹೇಳಿದರು. ಸಮೀಕ್ಷೆಯ ಸಭೆಗೆ ಬನ್ನಿ ಅಂತ ನಮ್ಮಿಬ್ಬರ ನಂಬರ್ ಬರೆದುಕೊಂಡರು. ಮೊದಲು ಬರೆದುಕೊಂಡದ್ದು ಸುಮಿತ್ರಾ ಅವರದ್ದು.

ಈ ರೈಲು ಬರುತ್ತದೆ, ನನಗೆ ಅನುಮಾನವಿಲ್ಲ.

ಅಲ್ಲಾ, ವಿಮಾನ ನಿಲ್ದಾಣ ಅಂದರೆ ವಿಮಾನ ಹತ್ತುವವರದ್ದು ಮಾತ್ರ ಅಂತ ನಮಗೆ ಹೇಳಿದವರಾದರೂ ಯಾರು?