ಹಿಂದಿನ ಸೀಟಿನಲ್ಲಿ ಅರವತ್ತೆರಡು ಕಿಲೊ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು, ಮೊದಲೇ ಹೇಳಿಬಿಡುತ್ತೇನೆ. ‘ಹತ್ತು ನಿಮಿಷ ಮೊದಲು ಬಂದಿದ್ದರೆ’ ಎಂದು ಡಾಕ್ಟರು ಅಂದದ್ದು ನನ್ನ ನೆನಪು. ‘ಐದು ನಿಮಿಷ’ ಅಂದದ್ದು ಕಾಕಾನ ನೆನಪು. ಅದೇ ದಿನ ಬರೆದ ನನ್ನ ಡೈರಿಯಲ್ಲಿ ಇರುವುದು ‘ಇನ್ನೂ ಸ್ವಲ್ಪ ಮೊದಲು’ ಅಂತ ಮಾತ್ರ. (ಡೈರಿ ಬರೆದವಳೂ ನಾನೇ. ಅವಳನ್ನಾದರೂ ಎಷ್ಟು ನಂಬುವುದು?)

ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ಅಫಜಲಪುರ ತಾಲ್ಲೂಕಿನ ಕರಜಗಿಯಲ್ಲಿದ್ದಾರೆ. ಹೋದ ಬೇಸಿಗೆಯಲ್ಲಿ ನಾನು ಆಳಂದದಿಂದ ಅವರ ಮನೆಗೆ ಹೋಗಿದ್ದಾಗ, ಒಂದು ಮಧ್ಯಾಹ್ನ ಕಾಕುಗೆ, ಅಂದರೆ ಕಾಕಾನ ಹೆಂಡತಿಗೆ, ಎದೆನೋವು ಬಂತು. ಕಾಕಾ ಸ್ಟೀರಿಂಗ್ ಹಿಡಿದರು. ಹಿಂದಿನ ಸೀಟಿನಲ್ಲಿ ಕಾಕು ಮತ್ತು ನಾನು. ಕಲಬುರಗಿಯ ಆಸ್ಪತ್ರೆಗೆ ಹೊರಟೆವು. ಅಫಜಲಪುರ ದಾಟಿದ ಮೇಲೆ ಒಂದು ಉದ್ದನೆಯ ಏರು ಇದೆ. ಅರ್ಧ ಏರುವಷ್ಟರಲ್ಲಿ ಹಳೆಯ ಪೆಟ್ರೋಲ್ ಕಾರು ದಮ್ಮು ಕಳೆದುಕೊಂಡಿತು. ಕಾಕಾ ಮೂರನೇ ಗೇರಿನಿಂದ ಎರಡಕ್ಕೆ ಇಳಿಸಿದರು. ಆಸ್ಪತ್ರೆ ಮುಟ್ಟುವಾಗ ಕಾಕು ಇರಲಿಲ್ಲ.

ಅವತ್ತಿನಿಂದ ಕಾಕಾನದು ಒಂದೇ ಮಾತು. “ಗಾಡಿ ಎಳೀಲಿಲ್ಲ.”

ಹೋದ ತಿಂಗಳು ಫೋನ್ ಮಾಡಿದರು. ಜೇವರ್ಗಿಯಲ್ಲಿ ಒಬ್ಬ ಮೆಕ್ಯಾನಿಕ್ ಹತ್ತಿರ ಥ್ರಾಟಲ್ ಬಾಡಿ ಪೋರ್ಟಿಂಗ್ ಮಾಡಿಸಿದರಂತೆ. ನನಗೆ ಹೊಸ ಮಾತು. ಥ್ರಾಟಲ್ ಬಾಡಿ ಅಂದರೆ ಎಂಜಿನ್ನಿಗೆ ಗಾಳಿ ಹೋಗುವ ಲೋಹದ ಬಾಯಿ. ಆಕ್ಸಿಲರೇಟರ್ ಒತ್ತಿದಷ್ಟೂ ಅದರೊಳಗಿನ ಮುಚ್ಚಳ ತೆರೆಯುತ್ತದೆ. ಆ ಬಾಯಿಯನ್ನು ಒಳಗಿನಿಂದ ಉಜ್ಜಿ, ನುಣುಪು ಮಾಡಿ, ತುಸು ಅಗಲಿಸುವುದೇ ಪೋರ್ಟಿಂಗ್. ಹೆಚ್ಚು ಗಾಳಿ, ಹೆಚ್ಚು ಶಕ್ತಿ. ಮೊಬೈಲಿನ ವಿಡಿಯೋಗಳೆಲ್ಲ ಹಾಗೇ ಹೇಳುತ್ತವೆ.

“ಈಗ ಆ ಏರು ಮೂರರಾಗೇ ಏರಾಕತ್ತದ ಬೇ,” ಅಂದರು. ಆಮೇಲೆ, “ಮೊದ್ಲೇ ಮಾಡಸಬೇಕಾಗಿತ್ತು.”

ನನಗೆ ಭಯವಾಗಿದ್ದು ಈ ಮಾತಿಗೆ. ನೋಡಿ, ಪೋರ್ಟಿಂಗ್ ಕೆಲಸ ಮಾಡುತ್ತದೆ ಅಂತಾದರೆ, ಅದನ್ನು ಮೊದಲೇ ಮಾಡಿಸದ ಗಂಡನಿಂದ ಹೆಂಡತಿ ಹೋದಳು ಅಂತಾಗುತ್ತದೆ. ಒಂದು ತುಂಡು ಲೋಹ ಉಜ್ಜಿದ್ದರ ಮೇಲೆ ಒಬ್ಬ ಮನುಷ್ಯ ತನ್ನ ಮಿಕ್ಕ ಆಯುಷ್ಯವನ್ನೆಲ್ಲ ಕೂರಿಸಿಬಿಡುವುದೇ?

ನಾನು ಅರ್ಥಶಾಸ್ತ್ರ ಓದಿದವಳು. ಅಲ್ಲಿ ಪ್ರತಿ ನಿಯಮದ ಹಿಂದೆಯೂ ಒಂದು ಷರತ್ತು ಬಾಲದಂತೆ ಇರುತ್ತದೆ: ಇತರ ಅಂಶಗಳು ಸ್ಥಿರವಾಗಿದ್ದರೆ. ಪರೀಕ್ಷೆಯಲ್ಲಿ ಬರೆದು ಪಾಸಾದೆ. ಬದುಕಿನಲ್ಲಿ ಯಾವ ಅಂಶ ಸ್ಥಿರವಾಗಿರುತ್ತದೆ? ಹೊಸ ಎಣ್ಣೆ ಹಚ್ಚಿದ ಮೇಲೆ ಕೂದಲು ಉದುರುವುದು ನಿಂತಿತು ಅನ್ನುತ್ತೇವೆ. ಹೊಸ ಕಷಾಯ ಕುಡಿದ ಮೇಲೆ ನಿದ್ದೆ ಬಂತು ಅನ್ನುತ್ತೇವೆ. ಅದೇ ವಾರ ಇನ್ನೇನೇನು ಬದಲಾಗಿತ್ತು ಅಂತ ಯಾರು ನೋಡುತ್ತಾರೆ?

“ಕಾಕಾ, ಏರಿನ ಮ್ಯಾಗ ಹೋದಾಗ ಗಾಡ್ಯಾಗ ಯಾರ‍್ಯಾರಿದ್ರಿ?” ಅಂತ ಕೇಳಿದೆ.

“ನಾ ಒಬ್ಬನೇ. ಮತ್ಯಾರದಾರ?”

ಅದೇ. ಕಾರು ಹಗುರಾಗಿತ್ತು.

ಆಮೇಲೆ ಒಂದು ಭಾನುವಾರ ಕಾಕಾನ ಜತೆ ಜೇವರ್ಗಿಗೆ ಹೋದೆ. ಪೋರ್ಟಿಂಗ್ ಆದ ಮೇಲೆ ಕಾರು ನಿಂತಿದ್ದಾಗಲೂ ಎಂಜಿನ್ನಿನ ಸದ್ದು ತಾನಾಗಿ ಗುರ್ ಎಂದು ಏರಿ ಇಳಿಯುತ್ತಿತ್ತು, ಅದನ್ನು ತೋರಿಸಬೇಕಿತ್ತು. ಮೆಕ್ಯಾನಿಕ್ ಮಹಿಬೂಬ್‌ನ ಕೈಗೆ ಗ್ರೀಸು, ಮಾತಿಗೆ ಉಪ್ಪು ಖಾರ. ನಿಜಕ್ಕೂ ಶಕ್ತಿ ಹೆಚ್ಚಾಗಿದೆಯಾ ಅಂತ ಕೇಳಿದೆ.

“ಬಾಯಿ ದೊಡ್ಡದು ಮಾಡಿದ್ರ ಹೊಟ್ಟಿ ದೊಡ್ಡದಾಗ್ತದೇನ್ರಿ ಮೇಡಂ? ಎಂಜಿನ್ ಅದೇ ಅದ. ಮೊದ್ಲು ಅರ್ಧ ಒತ್ತಿದ್ರ ಬರ್ತಿದ್ದದ್ದು ಈಗ ಸ್ವಲ್ಪ ಒತ್ತಿದ್ರ ಬರ್ತದ. ಕಾಲಿಗೆ ಖುಷಿ. ಪೂರಾ ಒತ್ತಿದ್ರ ಎಲ್ಲಿತ್ತೋ ಅಲ್ಲೇ.”

“ಹಂಗಂದ್ರ ಯಾಕ್ ಮಾಡಿದಿ ಲೇ?” ಕಾಕಾ ರೇಗಿದರು.

“ನಾ ಬ್ಯಾಡಂತ ಹೇಳಿದ್ನಲ್ರಿ ಸಾವ್ಕಾರ. ಮೂರು ಸಲ ಬಂದ್ರಿ, ಅವತ್ತಿನ ಏರಿನ ಕಥಿ ಹೇಳಿದ್ರಿ. ನಿಮ್ಮ ಮಾರಿ ನೋಡಿ ಮಾಡೀನಿ.” ಕೈ ಒರೆಸಿಕೊಂಡು, ದನಿ ತಗ್ಗಿಸಿ ಹೇಳಿದ: “ನಂಬಿಕಿ ಇಲ್ಲಂದ್ರ ಅವತ್ತಿನಷ್ಟೇ ಲೋಡ್ ಹಾಕ್ಕೊಂಡು ಏರಿಸಿ ನೋಡ್ರಿ.”

ಅಂದವನು ತಕ್ಷಣ ನಾಲಿಗೆ ಕಚ್ಚಿಕೊಂಡ. ಕಾಕಾ ಮಾತ್ರ ತಲೆಯಾಡಿಸಿದರು.

ಮರುದಿನ ಕರಜಗಿಯಲ್ಲಿ ಕಾಕಾ ಒಂದು ಚೀಲಕ್ಕೆ ತೊಗರಿ ತುಂಬಿದರು. ತೂಕದ ಕಲ್ಲು ಹಾಕಿ, ಒಂದು ಹಿಡಿ ತೆಗೆದು, ಅರ್ಧ ಹಿಡಿ ಮತ್ತೆ ಹಾಕಿ, ಅರವತ್ತೆರಡು ಕಿಲೊ ಮಾಡಿದರು. ಕಾಕುವಿನ ತೂಕ ಅವರಿಗೆ ಗೊತ್ತಿತ್ತು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಚೀಲವನ್ನು ಹಿಂದಿನ ಸೀಟಿನ ಎಡಕ್ಕೆ ಕೂರಿಸಿ, ಬೆಲ್ಟ್ ಹಾಕಿದರು. ನಾನು ಪಕ್ಕದಲ್ಲಿ ಕುಳಿತೆ. (ಎಡಕ್ಕೇ ಇದ್ದರಾ ಕಾಕು? ಇದ್ದರು ಅಂತ ಕಾಕಾ. ನಾನು ವಾದಿಸಲಿಲ್ಲ.)

ಏರು ಕಾಣುವಾಗ ಕಾಕಾ ಹಿಂದೆ ತಿರುಗದೆ ಕೇಳಿದರು. “ಅವತ್ತು ಎಸಿ ಹಾಕಿತ್ತೇನ್ ಬೇ?”

ಎಸಿ ಹಾಕಿದರೆ ಇಂಥ ಸಣ್ಣ ಕಾರು ಏರಿನಲ್ಲಿ ಇನ್ನಷ್ಟು ಸೊರಗುತ್ತದೆ. ಸುಡು ಬೇಸಿಗೆ, ಕಾಕು ಬೆವರುತ್ತಿದ್ದರು. ‘ಎಸಿ ಹಾಕ್ರಿ’ ಅಂದವಳು ನಾನೇ ಇರಬಹುದು. ಡೈರಿಯಲ್ಲಿ ಅದರ ಸುದ್ದಿಯೇ ಇಲ್ಲ.

“ಇಲ್ರಿ,” ಅಂದೆ.

ಯಾಕೆ ಹಾಗಂದೆ? ಗೊತ್ತಿಲ್ಲ. ಇಲ್ಲ, ಗೊತ್ತಿದೆ.

ಎಸಿ ಹಾಕದೆ ಏರಿದೆವು. ಮೂರನೇ ಗೇರು. ಮೊದಲಿಗೆ ಕಾರು ಚಂಗನೆ ನೆಗೆಯಿತು, ಕಾಕಾನ ಬೆನ್ನು ನೆಟ್ಟಗಾಯಿತು. ಅರ್ಧ ಏರಿನಲ್ಲಿ ಅದೇ ನಡುಕ, ಅದೇ ಏದುಸಿರು. ಕಾಕಾ ಪೆಡಲನ್ನು ತಳಕ್ಕೆ ಒತ್ತಿ ಹಿಡಿದಿದ್ದರು. ಗೇರ್ ಬದಲಿಸಲೇ ಇಲ್ಲ. ಕಾರು ನಿಂತೇಹೋಗುತ್ತದೆ ಅನ್ನುವಾಗ ಎರಡಕ್ಕೆ ಇಳಿಸಿದರು.

“ಅದೇ ಜಾಗಾ,” ಅಂದರು.

ನನಗೆ ಒಳಗೊಳಗೇ ಸಮಾಧಾನ. ಪೋರ್ಟಿಂಗ್ ಮಾಡಿಸಿದ್ದರೂ ಆ ಏರು ಹೀಗೇ ಇರುತ್ತಿತ್ತು. ತಪ್ಪು ಕಾಕಾನದಲ್ಲ. ಇದು ಅವರಿಗೂ ಹಗುರ ಅನ್ನಿಸುತ್ತದೆ ಅಂದುಕೊಂಡಿದ್ದೆ. ಆದರೆ ಏರಿನ ತುದಿಯಲ್ಲಿ ಕಾರು ನಿಲ್ಲಿಸಿ, ಸ್ಟೀರಿಂಗ್ ಮೇಲೆ ತಲೆಯಿಟ್ಟು ಕೂತವರ ಬೆನ್ನು ಹಗುರಾದವರ ಬೆನ್ನಿನಂತೆ ಕಾಣಲಿಲ್ಲ. ತಪ್ಪಿತ್ತು ಅಂದರೆ ಕನಿಷ್ಠ ಒಂದು ಕಾರಣ ಇತ್ತು. ಈಗ ಅದೂ ಹೋಯಿತೇ?

ಅಲ್ಲೇ, ಆ ಬೆನ್ನಿಗೇ ಒಂದು ಪ್ರಶ್ನೆ ಕೇಳಿದೆ. ಕಾಕಾ ಕಾರು ತಿರುಗಿಸಿದರು. ಊರು ಬಂತು, ವಾರ ಕಳೆಯಿತು, ಎರಡು ಸಲ ಫೋನಿನಲ್ಲೂ ಮಾತಾಡಿದೆವು. ಉತ್ತರ ಇನ್ನೂ ಬಂದಿಲ್ಲ:

“ಕಾಕಾ, ಗಾಡಿ ಮೂರರಾಗೇ ಏರಬೇಕಂತ ಇತ್ತೇನ್ರಿ ನಿಮ್ಮ ಮನಸ್ನ್ಯಾಗ, ಏರಬಾರದಂತ ಇತ್ತೇನ್ರಿ?”