ದಕ್ಷಿಣದ ಬಾಗಿಲು

ಮೆಲ್ಬರ್ನ್‌ನಲ್ಲಿ ನಾನಿದ್ದದ್ದು ಆರೇ ವರ್ಷ. ಆದರೆ ಅಲ್ಲಿನ ಹಳೆಯ ಕಟ್ಟಡಗಳ ಬಗ್ಗೆ ಶುರುಮಾಡಿದರೆ ನನ್ನ ಬಾಯಿ ಮುಚ್ಚಿಸುವುದು ಕಷ್ಟ. ಶನಿವಾರ ಬಂತೆಂದರೆ ಪ್ರವಾಸಿಗರನ್ನು ಕಟ್ಟಿಕೊಂಡು ನೀಲಿಗಲ್ಲು ಹಾಸಿದ ಓಣಿಗಳಲ್ಲಿ ಅಲೆಯುತ್ತಿದ್ದೆ. ಗಾಜಿನ ಮಾಡಿನ ಅಂಗಡಿಸಾಲುಗಳನ್ನು, ಕಸೂತಿಯಂಥ ಕಬ್ಬಿಣದ ಜಾಲರಿಯಿದ್ದ ಜಗಲಿಗಳನ್ನು ತೋರಿಸುತ್ತಿದ್ದೆ. ಕ್ಯಾಲಿಫೋರ್ನಿಯಾದ ಲಾಸ್ ಗ್ಯಾಟೋಸ್‌ಗೆ ಬಂದು ಮನೆ ಕೊಂಡ ಮೇಲೂ ಚಟ ಬಿಡಲಿಲ್ಲ. ಹೋದ ವರ್ಷ ಲೈಬ್ರರಿಯವರು ಭಾನುವಾರ ಮಧ್ಯಾಹ್ನ ಬಂದು ಮಾತಾಡಿ ಎಂದಾಗ ಸ್ಲೈಡು ಜೋಡಿಸಿಕೊಂಡು ಹೊರಟೇಬಿಟ್ಟೆ.

ಮೆಲ್ಬರ್ನ್‌ನಲ್ಲಿ ಕೆಲವು ಹಳೆಯ ಕಟ್ಟಡಗಳ ಮುಂಗೋಡೆಯನ್ನಷ್ಟೇ ಉಳಿಸಿ, ಹಿಂದಿನದನ್ನೆಲ್ಲ ಕೆಡವಿ, ಗಾಜಿನ ಗೋಪುರ ಎಬ್ಬಿಸಿದ್ದಾರೆ. ಆ ಸ್ಲೈಡು ಬಂದಾಗ ನನಗೆ ಸಿಟ್ಟು ನೆತ್ತಿಗೇರಿತು. ಕಟ್ಟಡವೆಂದರೆ ಬರೀ ಕಲ್ಲಲ್ಲ, ಅದರಲ್ಲಿ ಬಾಳಿದವರ ಕೈಗುರುತು, ಅದನ್ನು ಕಸಕ್ಕೆ ಎಸೆಯುವವರಿಗೆ ನಾಚಿಕೆಯಾಗಬೇಕು ಎಂದು ಇಂಗ್ಲಿಷಿನಲ್ಲಿ ಗುಡುಗಿದೆ. ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿದ್ದ ನಮ್ಮ ಎದುರುಮನೆಯ ಅಮೆರಿಕನ್ ಅಜ್ಜಿ ಕಣ್ಣೊರೆಸಿಕೊಂಡರು.

ನಮ್ಮ ಮನೆಯೂ ನೂರು ವರ್ಷ ದಾಟಿದ್ದು. ಆ ಅಜ್ಜಿ ಹುಟ್ಟಿ ಬೆಳೆದದ್ದು ಅದರಲ್ಲೇ. ಮದುವೆಯಾಗಿ ಎದುರಿನ ಮನೆಗೆ ಹೋದವರು. ನಾವು ಕೊಂಡಾಗ ಹೆಬ್ಬಾಗಿಲು ದಕ್ಷಿಣಕ್ಕಿತ್ತು. ರೆಡ್‌ವುಡ್ ಮರದ ದಪ್ಪ ಬಾಗಿಲು, ಮೇಲೆ ಬಣ್ಣದ ಗಾಜು. ಬೆಂಗಳೂರಿನ ವಾಸ್ತು ಪಂಡಿತರು ವಿಡಿಯೋ ಕಾಲಿನಲ್ಲಿ ಮನೆ ನೋಡಿ, "ದಕ್ಷಿಣದ ಬಾಗ್ಲು ಬೇಡಮ್ಮ, ಯಮನ ದಿಕ್ಕು. ಮುಚ್ಸಿ ಪೂರ್ವಕ್ಕೆ ತೆಗ್ಸಿ," ಎಂದರು. ಗಂಡನ ಆಫೀಸಿನಲ್ಲಿ ಆಗ ಲೇಆಫು ನಡೆಯುತ್ತಿತ್ತು, ನನ್ನೆದೆ ಮೊದಲೇ ಡವಗುಟ್ಟುತ್ತಿತ್ತು. ನಮ್ಮ ಬೀದಿ ಊರಿನ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿರಲಿಲ್ಲ. ಪರ್ಮಿಟು ಸಲೀಸಾಗಿ ಸಿಕ್ಕಿತು.

ಚೌಕಟ್ಟು ಕೀಳುವ ದಿನ ಗಂಡ ಕೂಗಿ ಕರೆದರು. "ಇಲ್ನೋಡೆ, ಫ್ರೇಮ್ ಮೇಲೆ ಪೆನ್ಸಿಲ್ ಮಾರ್ಕ್ಸು. ಯಾರೋ ಮಕ್ಕಳ ಹೈಟು ಬರ್ದಿದಾರೆ. ಗರಾಜಲ್ಲಿ ಇಡೋಣ್ವಾ?"

"ಕಿತ್ತ ಬಾಗ್ಲು ಮನೇಲೇ ಇಟ್ಕೊಂಡ್ರೆ ದೋಷ ಹೋಗುತ್ತೇನ್ರಿ? ಡಂಪ್‌ಸ್ಟರಿಗೆ ಹಾಕ್ಸಿ," ಎಂದವಳು ನಾನು.

ಅಜ್ಜಿ ಆ ವಾರ ಮಗಳ ಮನೆಗೆ ಹೋಗಿದ್ದರು. ಮುಂದಿನ ಶುಕ್ರವಾರ ಪೂರ್ವದ ಹೊಸ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ, ರಂಗೋಲಿ ಬಿಟ್ಟು, ಕೈಮುಗಿದೆ. ಇನ್ನೊಬ್ಬರ ಹೊಸ್ತಿಲನ್ನು ಕಸಕ್ಕೆ ಹಾಕಿ ನನ್ನದಕ್ಕೆ ಪೂಜೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುತ್ತಾರಲ್ಲ, ನನ್ನಂಥವರನ್ನು ನೋಡಿಯೇ ಇರಬೇಕು.

ಲೈಬ್ರರಿಯಲ್ಲಿ ಮಾತು ಮುಗಿದ ಮೇಲೆ ಅಜ್ಜಿ ಬಂದು ನನ್ನ ಕೈ ಹಿಡಿದರು. "ನೀವು ಬಾಗಿಲು ಬದಲಾಯಿಸಿದಾಗ ಹಳೆಯದು ಏನಾಯಿತೆಂದು ಕೇಳಲು ಧೈರ್ಯವಾಗಲಿಲ್ಲ. ಇವತ್ತು ನಿಮ್ಮ ಮಾತು ಕೇಳಿ ಜೀವ ಬಂತು. ಎಲ್ಲೋ ಜೋಪಾನವಾಗಿ ಇಟ್ಟಿರುತ್ತೀರಿ, ಅಲ್ಲವೆ? ಚೌಕಟ್ಟಿನ ಮೇಲೆ ನನ್ನ ತಮ್ಮನ ಗೆರೆಗಳಿವೆ. ಒಂಬತ್ತು ವರ್ಷಕ್ಕೇ ಹೋಗಿಬಿಟ್ಟ. ಒಂದು ಸಲ ಮುಟ್ಟಿ ನೋಡಬೇಕು."

ಸುತ್ತ ಜನ ನಿಂತಿದ್ದರು, ನನ್ನನ್ನು ಹೊಗಳಲು ಕಾಯುತ್ತಿದ್ದವರು. "ಇಟ್ಟಿದ್ದೇವೆ. ರಿಪೇರಿಗೆ ಕೊಟ್ಟಿದ್ದೇವೆ," ಎಂದುಬಿಟ್ಟೆ. ಸುಳ್ಳು ಎಷ್ಟು ಸರಾಗವಾಗಿ ಬಂತೆಂದರೆ ನನಗೇ ಅಸಹ್ಯವಾಯಿತು.

ಮರುದಿನ ಬೆಳಿಗ್ಗೆ ಅಜ್ಜಿ ಮನೆಗೆ ಬಂದರು. ಕಾಫಿ ಕುಡಿದು, ಕೋಟಿನ ಜೇಬಿನಿಂದ ಕರವಸ್ತ್ರದಲ್ಲಿ ಸುತ್ತಿದ್ದ ಹಿತ್ತಾಳೆಯ ಬೀಗದಕೈ ತೆಗೆದು ನನ್ನ ಅಂಗೈಯಲ್ಲಿಟ್ಟರು. ಮದುವೆಯಾಗಿ ಹೋಗುವಾಗ ಅಪ್ಪನಿಗೆ ತಿಳಿಯದಂತೆ ಎತ್ತಿಕೊಂಡು ಹೋಗಿದ್ದಂತೆ. "ಇದು ಬಾಗಿಲಿನ ಜೊತೆಗೇ ಇರಲಿ. ನಿಮ್ಮಲ್ಲಿದ್ದರೆ ನನಗೆ ಚಿಂತೆಯಿಲ್ಲ," ಎಂದರು. ಹೇಳಬೇಕೆಂದು ಬಾಯಿ ತೆರೆದೆ. ಬಂದದ್ದು ಥ್ಯಾಂಕ್ಯೂ.

ವರ್ಷವಾಯಿತು. ಬಾಗಿಲು ರಿಪೇರಿಯಾಯಿತೇ ಎಂದು ಅವರು ಆಗಾಗ ಕೇಳುತ್ತಾರೆ, ಇನ್ನು ಸ್ವಲ್ಪ ದಿನ ಎನ್ನುತ್ತೇನೆ. ನಾಚಿಕೆಯಿಂದ ಸಾಯುವಂತಾಗುತ್ತದೆ, ಆದರೂ ಹೇಳಿಲ್ಲ.

ಬೀಗದಕೈ ಕೊಟ್ಟ ಆ ಬೆಳಿಗ್ಗೆ ಹೊರಡುವಾಗ ಅಜ್ಜಿ ಬಾಗಿಲ ಬಳಿ ಒಂದು ಕ್ಷಣ ನಿಂತರು. ಗೋಡೆ ಹಿಡಿದು, ನೋಯುವ ಮೊಣಕಾಲನ್ನು ಎತ್ತಿ, ನನ್ನ ಹೊಸ್ತಿಲನ್ನು ತುಳಿಯದೆ ದಾಟಿದರು. ಹೊಸ್ತಿಲು ತುಳಿಯಬಾರದು ಎಂದು ಅವರಿಗೆ ಹೇಳಿಕೊಟ್ಟಿದ್ದು ನಾನೇ.